ರೆಸ್ಯೂಮೆಯಲ್ಲಿ ಕರ್ತೃ ಯಾರು?

ಹೋದ ತಿಂಗಳು ಒಂದು ಭಾನುವಾರ ರಾತ್ರಿ ಊಟ ಮುಗಿಸಿ ಪಾತ್ರೆ ತೊಳೀತಿದ್ದೆ. ಸೋದರಮಾವನ ಮಗ ವಾಟ್ಸಾಪಿನಲ್ಲಿ ಒಂದು ಫೈಲ್ ಕಳಿಸಿದ. ಫೈಲಿನ ಹೆಸರು ‘ರೆಸ್ಯೂಮೆ ಫೈನಲ್ ನ್ಯೂ 3’. ಕೆಳಗೆ ಒಂದೇ ಸಾಲು: ‘ಭಾವ, ಒಂಚೂರು ನೋಡಿ ಹೇಳಿ. ಅರ್ಜೆಂಟು.’

ಹುಡುಗ ಮೆಕ್ಯಾನಿಕಲ್ ಬಿಇ. 2021ರಲ್ಲಿ ಮುಗಿಸಿದ. ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಐದು ತಿಂಗಳು ಟ್ರೈನಿ ಆಗಿದ್ದ. ಅಷ್ಟೊತ್ತಿಗೆ ಊರಲ್ಲಿ ಮಾವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯ್ತು. ಮನೆಗೆ ಇವನೊಬ್ಬನೇ ಮಗ. ಕೆಲಸ ಬಿಟ್ಟು ಹೋದವನು ಹದಿನಾಲ್ಕು ತಿಂಗಳು ಊರಲ್ಲೇ ಉಳಿದ. ಈಗ ಮಾವ ಕೋಲು ಹಿಡಿದು ಅಂಗಳದವರೆಗೆ ನಡೀತಾರೆ. ಇವನು ಬೆಂಗಳೂರಿಗೆ ವಾಪಸ್ ಬಂದು, ಪಿಜಿಯಲ್ಲಿದ್ದುಕೊಂಡು, ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮುಗಿಸಿ ಕೆಲಸ ಹುಡುಕ್ತಿದ್ದಾನೆ.

ಫೈಲ್ ತೆಗೆದೆ. ಎರಡೂವರೆ ಪುಟ. ಮೇಲೆ ಸವಾಲಿನ ವಾತಾವರಣದಲ್ಲಿ ಕೆಲಸ ಮಾಡಿ ಸಂಸ್ಥೆಯ ಜೊತೆ ತಾನೂ ಬೆಳೆಯುವ ಆಸೆ. ಕೆಳಗೆ ಅಪ್ಪನ ಹೆಸರು, ಹುಟ್ಟಿದ ದಿನಾಂಕ, ಮದುವೆ ಆಗಿಲ್ಲ ಅನ್ನೋ ಮಾಹಿತಿ, ಹವ್ಯಾಸ ಅಂತ ಕ್ರಿಕೆಟ್ಟು ಮತ್ತು ಹಾಡು ಕೇಳೋದು. ನಾನೂ 2009ರಲ್ಲಿ ಇದೇ ಬರೆದಿದ್ದೆ. ನನ್ನ ಸೀನಿಯರ್ ಹತ್ತಿರ ಇಸ್ಕೊಂಡು ಹೆಸರು ಬದಲಾಯಿಸಿದ್ದೆ, ಅವನು ಅವನ ಸೀನಿಯರ್ ಹತ್ತಿರ ಇಸ್ಕೊಂಡಿದ್ದ. ನಮ್ಮಲ್ಲಿ ಕೆಲವು ರೆಸ್ಯೂಮೆಗಳು ಪಿತ್ರಾರ್ಜಿತ.

ನಡುವಿನ ಪುಟದಲ್ಲಿ ಮಾತ್ರ ನಿಂತೆ. ಆ ಹದಿನಾಲ್ಕು ತಿಂಗಳು ಇರಬೇಕಾದ ಜಾಗದಲ್ಲಿ ಒಂದು ಕಂಪನಿಯ ಹೆಸರಿತ್ತು. ‘ಟೆಸ್ಟ್ ಇಂಜಿನಿಯರ್, ಬೆಂಗಳೂರು.’

ಫೋನ್ ಮಾಡಿದೆ. ‘ಇದ್ಯಾವ ಕಂಪನಿ ಕಣೋ?’

‘ಅದು ಭಾವ... ಕನ್ಸಲ್ಟೆನ್ಸಿಯೋರು ಕೊಡ್ತಾರೆ. ಆಫರ್ ಲೆಟರು, ಪೇಸ್ಲಿಪ್ಪು, ರಿಲೀವಿಂಗ್ ಲೆಟರು, ಎಲ್ಲಾ ಸೇರಿ ಅರವತ್ತು ಸಾವಿರ. ಇನ್ನೂ ಕೊಟ್ಟಿಲ್ಲ. ಅದಕ್ಕೇ ನಿಮ್ಮನ್ನ ಕೇಳಾಣ ಅಂತ.’

ನಾನು ತಕ್ಷಣ ಹೇಳಿದ್ದು ತುಂಬಾ ಜಾಣ ಉತ್ತರ. 2014ರಲ್ಲಿ ಯುಎಎನ್ ನಂಬರ್ ಬಂದಮೇಲೆ ಯಾವ ಕಂಪನಿ ಯಾವ ತಿಂಗಳು ಪಿಎಫ್ ಕಟ್ಟಿದೆ ಅನ್ನೋದು ಪಾಸ್‌ಬುಕ್ಕಿನಲ್ಲಿ ಕಾಣುತ್ತೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನವರು ಮೊದಲು ನೋಡೋದೇ ಅದನ್ನ, ಸೇರಿ ಆರು ತಿಂಗಳಾದ ಮೇಲೂ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ, ಇನ್ನೊಂದು ಕಡೆ ಸೇರೋಕೂ ಆಗಲ್ಲ. ಎಲ್ಲ ನಿಜ. ಹುಡುಗ ಸುಮ್ಮನೆ ಕೇಳಿಸ್ಕೊಂಡ. ಆಮೇಲೆ ಕೇಳಿದ: ‘ಹಂಗಾದ್ರೆ ಸಿಕ್ಕಾಕೊಳಲ್ಲ ಅನ್ನೋದಾದ್ರೆ ಹಾಕ್ಬೋದಾ ಭಾವ?’

ವ್ಯಂಗ್ಯ ಏನಿರಲಿಲ್ಲ. ನಿಜವಾಗಲೂ ಕೇಳ್ತಿದ್ದ. ನಾನು ‘ಹಾಕಬಾರದು’ ಅಂದೆ. ‘ಯಾಕೆ?’ ಅಂದ. ‘ಸುಳ್ಳಲ್ವೇನೋ’ ಅಂದೆ. ಆಗ ಅವನು ಕೇಳಿದ ಪ್ರಶ್ನೆಗೇ ನಾನು ಈ ಅಂಕಣ ಬರೀತಿರೋದು.

‘ನಿಮ್ಮದ್ರಲ್ಲಿ ಎಲ್ಲಾ ನಿಜಾನೇ ಇತ್ತಾ?’

ನನ್ನ ರೆಸ್ಯೂಮೆಯಲ್ಲಿ ಒಂದೇ ಒಂದು ಸುಳ್ಳು ಕಂಪನಿ ಇಲ್ಲ, ಒಂದು ಸುಳ್ಳು ತಾರೀಖಿಲ್ಲ, ಮಾರ್ಕ್ಸ್ ಪಾಯಿಂಟ್ ಸಮೇತ ಸರಿ ಇದೆ. ಯಾವ ವೆರಿಫಿಕೇಷನ್‌ನವರು ಬಂದರೂ ಏನೂ ಸಿಗಲ್ಲ. ‘ಹೂಂ ಕಣೋ, ಎಲ್ಲಾ ನಿಜಾನೇ’ ಅಂದೆ. ಅಂದಮೇಲೆ ನಿದ್ದೆ ಬರಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ನಾನು ಬೆಳೆದದ್ದು ತಿಪಟೂರು ಕಡೆಯ ಹಳ್ಳಿಯಲ್ಲಿ. ನಮ್ಮ ಕಡೆ ತನ್ನನ್ನ ತಾನೇ ಹೊಗಳಿಕೊಳ್ಳೋದು ಅಂದ್ರೆ ಮಾನಗೇಡು. ಹತ್ತನೇ ಕ್ಲಾಸಲ್ಲಿ ಒಳ್ಳೇ ಮಾರ್ಕ್ಸ್ ಬಂದಾಗಲೂ ‘ಏನೋ ಪಾಸಾದ’ ಅಂತಲೇ ಅಮ್ಮ ಪಕ್ಕದ ಮನೆಯವರಿಗೆ ಹೇಳಿದ್ದು. ಹೈಸ್ಕೂಲಿನ ಕನ್ನಡ ಮೇಷ್ಟ್ರು ಮಹಾಭಾರತದ ಕರ್ಣಪರ್ವದ ಒಂದು ಕತೆ ಹೇಳ್ತಿದ್ದರು. ಕರ್ಣನ ಕೈಯಲ್ಲಿ ಪೆಟ್ಟು ತಿಂದು ಬಿಡಾರಕ್ಕೆ ಬಂದ ಧರ್ಮರಾಯ, ಸಿಟ್ಟಿನಲ್ಲಿ ಅರ್ಜುನನಿಗೆ ಗಾಂಡೀವವನ್ನ ಬೇರೆಯವರಿಗೆ ಕೊಟ್ಟುಬಿಡು ಅಂತಾನೆ. ಹಾಗಂದವರನ್ನು ಕೊಲ್ಲೋದು ಅರ್ಜುನನ ಪ್ರತಿಜ್ಞೆ. ಕತ್ತಿ ಹಿರಿದ ಅರ್ಜುನನನ್ನು ಕೃಷ್ಣ ತಡೆದು, ಹಿರಿಯರನ್ನ ಏಕವಚನದಲ್ಲಿ ಬೈದರೆ ಅದು ಕೊಂದಹಾಗೇ, ಬೈದುಬಿಡು ಅಂತಾನೆ. ಬೈದ ಮೇಲೆ ಅರ್ಜುನನಿಗೆ ಪಶ್ಚಾತ್ತಾಪವಾಗಿ ತನ್ನನ್ನೇ ಕೊಂದುಕೊಳ್ಳೋಕೆ ಹೊರಡ್ತಾನೆ. ಅದಕ್ಕೂ ಕೃಷ್ಣನ ಹತ್ತಿರ ದಾರಿ ಇದೆ: ನಿನ್ನನ್ನ ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ. ಅರ್ಜುನ ನಿಂತುಕೊಂಡು ತನ್ನಂಥ ಬಿಲ್ಲುಗಾರ ಇನ್ನೊಬ್ಬನಿಲ್ಲ ಅಂತ ಶುರುಮಾಡ್ತಾನೆ.

ಕೃಷ್ಣನ ಲೆಕ್ಕದಲ್ಲಿ ನಾನು 2009ರಲ್ಲಿ ವಾರಕ್ಕೆ ಐದಾರು ಸಲ ಆತ್ಮಹತ್ಯೆ ಮಾಡಿಕೊಳ್ಳಬೇಕಾಗಿತ್ತು. ಆ ವರ್ಷ ಬಿಇ ಮುಗಿಸಿದವರಿಗೆ ನೆನಪಿರುತ್ತೆ, ಅಮೆರಿಕದಲ್ಲಿ ಬ್ಯಾಂಕು ಮುಳುಗಿ ಇಲ್ಲಿ ಕ್ಯಾಂಪಸ್ಸಿಗೆ ಕಂಪನಿಗಳೇ ಬರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ನಲವತ್ತು ಪ್ರತಿ ಜೆರಾಕ್ಸ್ ಮಾಡಿಸಿ, ಶರ್ಟ್ ಇನ್ ಮಾಡಿ, ವಾಕ್‌ಇನ್ ಸಾಲುಗಳಲ್ಲಿ ನಿಲ್ತಿದ್ದೆ. ಸಾಲಿನಲ್ಲಿ ಮುಂದೆ ನಿಂತ ಬೆಂಗಳೂರಿನ ಹುಡುಗರ ರೆಸ್ಯೂಮೆ ಕಣ್ಣಿಗೆ ಬೀಳ್ತಿತ್ತು. ಅವರು ಕಾಲೇಜಿನ ಪ್ರಾಜೆಕ್ಟನ್ನೇ ‘ಲೆಡ್ ಎ ಟೀಮ್ ಆಫ್ ಫೋರ್’ ಅಂತ ಬರೆದಿರ್ತಿದ್ದರು. ನಾನು ‘ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟು’ ಅಂತ ಬರೆದಿದ್ದೆ. ಏಳು ತಿಂಗಳಾದ ಮೇಲೆ ಕೆಲಸ ಸಿಕ್ತು. ಆ ಏಳು ತಿಂಗಳಲ್ಲಿ ಕಲಿತ ಪಾಠ ಅಂದ್ರೆ, ರೆಸ್ಯೂಮೆ ಇಂಗ್ಲಿಷಿನಲ್ಲಿ ಕರ್ತೃ ಇರಲ್ಲ.

ಗಮನಿಸಿ ನೋಡಿ. ಡಿಸೈನ್ಡ್, ಡೆವಲಪ್ಡ್, ರೆಡ್ಯೂಸ್ಡ್, ಲೆಡ್. ವಾಕ್ಯ ನೇರವಾಗಿ ಕ್ರಿಯಾಪದದಿಂದ ಶುರು. ಹಾಗೇ ಬರೀಬೇಕು ಅಂತಲೇ ಎಲ್ಲ ಕಡೆ ಹೇಳಿಕೊಡ್ತಾರೆ. ಅದಕ್ಕೆ ಕಾರಣವೂ ಇದೆ, ನೂರು ಸಾಲಿನಲ್ಲೂ ‘ಐ, ಐ’ ಅಂತಿದ್ರೆ ಓದೋಕಾಗಲ್ಲ. ಆದರೆ ಈ ವಾಕ್ಯವನ್ನ ಕನ್ನಡಕ್ಕೆ ತರೋಕೆ ಹೋದ್ರೆ ಬಾಯಿ ತಡವರಿಸುತ್ತೆ. ‘ಇಳಿಸಿದೆ’ ಅಂದ್ರೆ ನಾನು. ‘ಇಳಿಸಿದೆವು’ ಅಂದ್ರೆ ನಾವು. ‘ಇಳಿಸಿದಳು’ ಅಂದ್ರೆ ಅವಳು. ಕನ್ನಡದ ಕ್ರಿಯಾಪದ ಯಾರು ಮಾಡಿದ್ದು ಅಂತ ಹೇಳದೆ ವಾಕ್ಯ ಮುಗಿಸೋಕೆ ಬಿಡಲ್ಲ.

ನನ್ನ ರೆಸ್ಯೂಮೆಯ ಅತ್ಯಂತ ಒಳ್ಳೆಯ ಸಾಲು ಹೀಗಿದೆ: ರಾತ್ರಿ ಓಡುವ ಬಿಲ್ಲಿಂಗ್ ಬ್ಯಾಚಿನ ಸಮಯವನ್ನು ಆರು ಗಂಟೆಯಿಂದ ನಲವತ್ತು ನಿಮಿಷಕ್ಕೆ ‘ರೆಡ್ಯೂಸ್ಡ್’. 2012ರ ಮಾತು, ನನ್ನ ಮೊದಲ ಕಂಪನಿ. ಆ ಬ್ಯಾಚ್ ಒಂದೊಂದು ಗ್ರಾಹಕನಿಗೂ ಡೇಟಾಬೇಸಿನ ಬಾಗಿಲು ತಟ್ಟಿ ಬರ್ತಿತ್ತು. ಲಕ್ಷಾಂತರ ಸಲ. ಅದನ್ನ ಕಂಡುಹಿಡಿದವಳು ನನ್ನ ಪಕ್ಕದ ಸೀಟಿನಲ್ಲಿ ಕೂರ್ತಿದ್ದ ಸಹೋದ್ಯೋಗಿ. ಮೂರು ವಾರ ಲಾಗ್ ಫೈಲು ಓದಿ, ಎಲ್ಲವನ್ನೂ ಒಟ್ಟಿಗೆ ತಂದು ಒಟ್ಟಿಗೆ ಬರೆಯೋ ಹಾಗೆ ಕೋಡ್ ತಿದ್ದಿದವಳೂ ಅವಳೇ. ನಾನು ಟೆಸ್ಟ್ ಮಾಡಿದೆ. ರಿಲೀಸ್ ರಾತ್ರಿ ಎಚ್ಚರ ಇದ್ದೆ. ಬೆಳಗಿನ ಜಾವ ನಲವತ್ತು ನಿಮಿಷಕ್ಕೆ ಬ್ಯಾಚ್ ಮುಗಿದಾಗ ಇಬ್ಬರೂ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು. ನಾಲ್ಕು ತಿಂಗಳ ನಂತರ ಬೇರೆ ಕಂಪನಿಗೆ ಅರ್ಜಿ ಹಾಕುವಾಗ ಆ ಸಾಲು ಬರೆದೆ. ಕರ್ತೃ ಇಲ್ಲ. ಸುಳ್ಳೂ ಇಲ್ಲ. ಇಂಟರ್‌ವ್ಯೂನಲ್ಲಿ ಆ ಸಾಲಿನ ಮೇಲೇ ಅರ್ಧ ಗಂಟೆ ಮಾತಾಡಿದೆ. ಅವಳು ನನಗೆ ಅಷ್ಟು ಚೆನ್ನಾಗಿ ವಿವರಿಸಿದ್ದಳು. ಕೆಲಸ ಸಿಕ್ತು, ಸಂಬಳ ಹೆಚ್ಚುಕಡಿಮೆ ಎರಡರಷ್ಟಾಯ್ತು, ಅದೇ ಕಂಪನಿಯಲ್ಲಿ ಇವತ್ತಿಗೂ ಇದ್ದೀನಿ.

2019ರಲ್ಲಿ ಅವಳ ರೆಸ್ಯೂಮೆ ನಮ್ಮ ಟೀಮಿಗೆ ಬಂತು. ಮಗು ಆದಮೇಲೆ ಎರಡು ವರ್ಷ ಬಿಡುವು ತಗೊಂಡು ವಾಪಸ್ ಬರ್ತಿದ್ದಳು. ಮೂರನೇ ಸಾಲಿನಲ್ಲಿ ಅದೇ ಆರು ಗಂಟೆ, ಅದೇ ನಲವತ್ತು ನಿಮಿಷ. ಆದರೆ ವಾಕ್ಯ ‘ವಾಸ್ ಪಾರ್ಟ್ ಆಫ್ ದ ಟೀಮ್ ದಟ್’ ಅಂತ ಶುರುವಾಗ್ತಿತ್ತು. ನಾನು ಇಂಟರ್‌ವ್ಯೂ ಮಾಡಲಿಲ್ಲ, ಪರಿಚಯದವರು ಅಂತ ಹಿಂದೆ ಸರಿದೆ. ಆಗ ಅದನ್ನ ಪ್ರಾಮಾಣಿಕತೆ ಅಂತಲೇ ಅಂದುಕೊಂಡಿದ್ದೆ. ಕೊನೆಗೆ ಎಲ್ಲರೂ ಕೂತು ನಿರ್ಧಾರ ಮಾಡುವಾಗ ಒಬ್ಬರು ಹೇಳಿದರು, ‘ಟೆಕ್ನಿಕಲಿ ಪರವಾಗಿಲ್ಲ. ಆದರೆ ಎಲ್ಲಾ ಕಡೆ ವಿ, ವಿ ಅಂತಾರೆ. ಓನರ್‌ಶಿಪ್ ಕಾಣಲ್ಲ.’ ನನ್ನನ್ನು ಕೆಲಸಕ್ಕೆ ತಗೊಂಡಿದ್ದ ಮ್ಯಾನೇಜರ್ ಅಲ್ಲೇ ಇದ್ದರು. ನನ್ನ ಕಡೆ ತಿರುಗಿ, ‘ಆ ಬ್ಯಾಚ್ ಪ್ರಾಜೆಕ್ಟು ನಿಮ್ದಲ್ವಾ? ಇವರೂ ಇದ್ರಾ?’ ಅಂತ ಕೇಳಿದರು.

‘ಹೌದು, ಅವರೂ ಟೀಮಲ್ಲಿದ್ರು’ ಅಂದೆ.

ಅವರೂ. ಆ ಒಂದು ದೀರ್ಘ. ಕರ್ತೃ ಇಲ್ಲದ ಇಂಗ್ಲಿಷಿನ ಮೇಲೆ ತಪ್ಪು ಹಾಕಿ ತಪ್ಪಿಸಿಕೊಳ್ಳೋಕೂ ಇಲ್ಲಿ ಜಾಗ ಇಲ್ಲ, ನಾನು ಹೇಳಿದ್ದು ಅಚ್ಚ ಕನ್ನಡದಲ್ಲಿ. ಅವಳಿಗೆ ರಿಜೆಕ್ಟ್ ಮೇಲ್ ಹೋಯ್ತು.

ಇದನ್ನ ಸಮರ್ಥಿಸಿಕೊಳ್ಳೋಕೆ ದಾರಿಗಳು ಬೇಕಾದಷ್ಟಿವೆ. ಆಲ್ಬರ್ಟ್ ಕಾರ್ ಅನ್ನೋರು 1968ರಲ್ಲೇ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನ ಒಂದಿದೆ. ವ್ಯಾಪಾರ ಅನ್ನೋದು ಪೋಕರ್ ಇದ್ದಹಾಗೆ, ಅದರಲ್ಲಿ ಬ್ಲಫ್ ಮಾಡೋದನ್ನ ಯಾರೂ ಸುಳ್ಳು ಅನ್ನಲ್ಲ, ಆಟದ ನೀತಿ ಬೇರೆ ಮನೆಯ ನೀತಿ ಬೇರೆ ಅನ್ನೋದು ಅವರ ವಾದ. ತಳ್ಳಿಹಾಕೋ ಹಾಗಿಲ್ಲ. ಕಂಪನಿಗಳೇನು ಸಾಚಾನಾ? ಮೂರು ಜನರ ಕೆಲಸವನ್ನ ಒಬ್ಬನಿಗೆ ಹೊರಿಸಿ ಅದಕ್ಕೆ ‘ಡೈನಾಮಿಕ್ ರೋಲ್’ ಅಂತ ಹೆಸರಿಡ್ತಾರೆ, ನಾವೆಲ್ಲ ಒಂದೇ ಕುಟುಂಬ ಅಂತಾರೆ, ಆಮೇಲೆ ಕುಟುಂಬದ ಹತ್ತು ಪರ್ಸೆಂಟ್ ಜನರನ್ನ ಒಂದು ಈಮೇಲಿನಲ್ಲಿ ಮನೆಗೆ ಕಳಿಸ್ತಾರೆ. ಅವರು ಅರ್ಧ ಸತ್ಯ ಹೇಳೋ ಜಾಗದಲ್ಲಿ ನಾನು ಮುಕ್ಕಾಲು ಸತ್ಯ ಹೇಳಿದ್ರೆ ಏನು ತಪ್ಪು ಅನ್ಸುತ್ತೆ. ಕಂಪನಿಗೆ ಮೋಸ ಆಯ್ತು ಅನ್ನೋ ಬೇಜಾರು ನನಗೆ ಇವತ್ತಿಗೂ ಇಲ್ಲ. ಅವರ ದುಡ್ಡಿಗೆ ಸರಿಯಾಗಿ ದುಡಿದಿದ್ದೀನಿ.

ಆದರೆ ಇಸ್ಪೀಟಿನಲ್ಲಿ ಬ್ಲಫ್ ನಡೆಯೋದು ಕೂತವರಿಗೆಲ್ಲ ಅದು ಇಸ್ಪೀಟು ಅಂತ ಗೊತ್ತಿದ್ದಾಗ. ಇಲ್ಲಿ ಸಾಲಿನಲ್ಲಿ ನಿಂತವರಲ್ಲಿ ಕೆಲವರಿಗೆ ಅದು ಗೊತ್ತೇ ಇರಲ್ಲ. ರೆಸ್ಯೂಮೆ ಅಂದ್ರೆ ತಾಲ್ಲೂಕು ಆಫೀಸಿಗೆ ಕೊಡೋ ಅಫಿಡವಿಟ್ಟು ಅಂದುಕೊಂಡು ಇದ್ದದ್ದು ಇದ್ದಹಾಗೆ ಬರೆದು ತಂದಿರ್ತಾರೆ. 2009ರಲ್ಲಿ ನಾನು ಹಾಗಿದ್ದೆ, 2019ರಲ್ಲಿ ಅವಳು ಹಾಗಿದ್ದಳು. ನಾನು ಉಬ್ಬಿಸಿ ಬರೆದಾಗ ಕಂಪನಿ ಏನನ್ನೂ ಕಳೆದುಕೊಳ್ಳಲ್ಲ, ಅದಕ್ಕೆ ಯಾರೋ ಒಬ್ಬ ಇಂಜಿನಿಯರ್ ಸಿಕ್ಕೇ ಸಿಗ್ತಾನೆ. ಪಕ್ಕದಲ್ಲಿ ನೆಟ್ಟಗೆ ಬರೆದವನ ಸತ್ಯಕ್ಕೆ ಬೆಲೆ ಕಮ್ಮಿ ಆಗುತ್ತೆ. ಎಲ್ಲರೂ ‘ಲೆಡ್’ ಅಂತ ಬರೆದ ಮೇಲೆ ‘ಜೊತೆಗಿದ್ದೆ’ ಅನ್ನೋದಕ್ಕೆ ‘ಏನೂ ಮಾಡಲಿಲ್ಲ’ ಅನ್ನೋ ಅರ್ಥ ಬರುತ್ತೆ. ಆ ಅರ್ಥ ತಂದವರಲ್ಲಿ ನಾನೂ ಒಬ್ಬ.

ಹಾಗಂತ ಎಲ್ಲವನ್ನೂ ಹೇಳಿಕೊಳ್ಳೋದೂ ರೆಸ್ಯೂಮೆಯಲ್ಲ. ಫ್ರೆಂಚಿನಲ್ಲಿ ಆ ಪದಕ್ಕೆ ಸಾರಾಂಶ ಅಂತಲೇ ಅರ್ಥ. ಸಾರಾಂಶ ಅಂದಮೇಲೆ ಬಿಡಲೇಬೇಕು. ಏನನ್ನ ಬಿಡಬಹುದು? ಈ ವಿಷಯದಲ್ಲಿ ನನಗೆ ಗೊತ್ತಿರೋ ತಜ್ಞ ಅಂದ್ರೆ ನಮ್ಮಪ್ಪ. ಇಂಗ್ಲಿಷಿನಲ್ಲಿ ಒಂದಕ್ಷರ ಬರೆದವನಲ್ಲ. ನಮ್ಮ ಕಡೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಒಣಗಿ ಒಳಗೇ ಗಿಟುಕಾಗಬೇಕು. ಆಮೇಲೆ ಸುಲಿದು, ಒಡೆದು, ಚೀಲ ತುಂಬಿ ತಿಪಟೂರಿನ ಮಾರುಕಟ್ಟೆಗೆ. ಚೀಲ ತುಂಬುವಾಗ ಅಪ್ಪ ಕೌಟು ಕೊಬ್ಬರಿಯನ್ನ ಬೇರೆ ಹಾಕ್ತಿದ್ದ, ಅದು ಎಣ್ಣೆ ಮಿಲ್ಲಿಗೆ. ಉಳಿದದ್ದರಲ್ಲಿ ಚೆನ್ನಾಗಿ ದುಂಡಗಿರೋ ಹತ್ತಿಪ್ಪತ್ತನ್ನ ಕೊನೆಗೆ ಚೀಲದ ಬಾಯಿಗೆ ಜೋಡಿಸ್ತಿದ್ದ. ನಾನು ಒಂದ್ಸಲ ‘ಇದು ಮೋಸ ಅಲ್ವೇನಪ್ಪ’ ಅಂತ ಕೇಳಿದ್ದೆ. ‘ಯಾಕ್ಲಾ? ಮುಖ ತೊಳ್ಕೊಂಡು ಹೊರಗೋಗದು ಮೋಸವಾ? ತಳದಲ್ಲಿ ಕೌಟು ತುಂಬಿದ್ರೆ ಮೋಸ’ ಅಂದ. ವ್ಯಾಪಾರಿ ಹೇಗಿದ್ದರೂ ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ತೆಗೆದು ನೋಡೇ ನೋಡ್ತಾನೆ.

ಬಹಳ ವರ್ಷ ಈ ಮಾತು ನನಗೆ ಸಮಾಧಾನ ಕೊಟ್ಟಿದೆ. ಇಂಟರ್‌ವ್ಯೂ ಅಂದ್ರೆ ಆ ಮೊಣಕೈ. ಯಾವ ಸಾಲಿನ ಮೇಲೆ ಹತ್ತು ನಿಮಿಷ ಮಾತಾಡಬಲ್ಲೆಯೋ ಆ ಸಾಲು ಬರಿ ಅಂತ ಜೂನಿಯರ್‌ಗಳಿಗೆಲ್ಲ ಹೇಳ್ತಾ ಬಂದಿದ್ದೀನಿ. ಆದರೆ ನನ್ನ ಸಾಲು ಆ ಪರೀಕ್ಷೆಯಲ್ಲಿ ಅರ್ಧ ಗಂಟೆ ಪಾಸಾಯ್ತಲ್ಲ. ಚೀಲದ ಬಾಯಲ್ಲಿದ್ದ ಕೊಬ್ಬರಿ ಒಳ್ಳೇದೇ, ತಳದಲ್ಲೂ ಕೌಟಿರಲಿಲ್ಲ. ಕಾಯಿ ನಮ್ಮ ತೋಟದ್ದಲ್ಲ ಅಷ್ಟೇ. ಅಪ್ಪನಿಗೆ ಆ ಪ್ರಶ್ನೆ ಬಂದೇ ಇರಲಿಲ್ಲ.

ಮಾರನೇ ದಿನ ರಜೆ ಹಾಕಿ ಹುಡುಗನನ್ನ ಮನೆಗೆ ಕರೆಸಿದೆ. ಮೊದಲು ನನ್ನ ಕತೆ ಹೇಳಿದೆ, ‘ಎಲ್ಲಾ ನಿಜಾನೇ ಅಂದಿದ್ನಲ್ಲ, ಅದು ನಿಜ ಅಲ್ಲ’ ಅಂತ. ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ‘ಆದ್ರೂ ನಿಮಗೆ ಕೆಲ್ಸ ಸಿಕ್ತಲ್ಲ ಭಾವ’ ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಂತ ಫ್ಲ್ಯಾಟಿನ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಪಿಜಿಯಲ್ಲಿರೋ ಹುಡುಗನಿಗೆ ಸತ್ಯದ ಪಾಠ ಹೇಳೋದು ಎಷ್ಟು ಸುಲಭ ಅನ್ನೋದು ನನಗೂ ಕಾಣ್ತಿತ್ತು. ಅರವತ್ತು ಸಾವಿರಕ್ಕೆ ಸುಳ್ಳು ಕೊಳ್ಳೋಕೆ ಹೊರಟ ಅವನಿಗೂ, ಪುಕ್ಕಟೆ ಸಿಕ್ಕ ನನಗೂ ಇರೋ ವ್ಯತ್ಯಾಸ ಏನು ಅಂದ್ರೆ ನನ್ನದು ವೆರಿಫಿಕೇಷನ್‌ನಲ್ಲಿ ಸಿಗಲ್ಲ.

ರೆಸ್ಯೂಮೆ ತಿದ್ದೋಕೆ ಕೂತೆವು. ಆಬ್ಜೆಕ್ಟಿವ್, ಅಪ್ಪನ ಹೆಸರು, ಹವ್ಯಾಸ ಎಲ್ಲ ತೆಗೆದು ಒಂದೇ ಪುಟಕ್ಕೆ ತಂದೆವು. ಹೊಸ ಕೆಲಸ ಮೇಲೆ, ಹಳೇದು ಕೆಳಗೆ. ಕಂಪನಿಯ ಜಾಹೀರಾತಿನಲ್ಲಿ ಕೇಳಿರೋ ವಿಷಯ ನಿನಗೆ ಬರೋದಾದ್ರೆ ಅದೇ ಪದದಲ್ಲಿ ಬರಿ, ಮೊದಲು ಓದೋದು ಸಾಫ್ಟ್‌ವೇರು ಅಂತ ಹೇಳಿದೆ. ಲಿಯೊನಾರ್ಡೊ ಡ ವಿಂಚಿ 1480ರ ದಶಕದಲ್ಲಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆದ ಓಲೆಯ ಕತೆಯನ್ನೂ ಹೇಳಿದೆ. ಸೇತುವೆ, ಫಿರಂಗಿ, ಸುರಂಗ ಅಂತ ದೊರೆಗೆ ಬೇಕಾದದ್ದನ್ನೆಲ್ಲ ಮೊದಲು ಬರೆದು, ಚಿತ್ರ ಬರೀತೀನಿ ಅನ್ನೋದನ್ನ ಕೊನೆಗೆ ಹಾಕಿದ್ದ. ಬಹುಪಾಲು ‘ಮಾಡಬಲ್ಲೆ’ ಅಂತಿದೆ, ‘ಮಾಡಿದ್ದೀನಿ’ ಅಂತಲ್ಲ. ‘ಬಲ್ಲೆ’ ಅನ್ನೋದಕ್ಕೆ ಎಷ್ಟು ಬೇಕಾದ್ರೂ ಧೈರ್ಯ ಮಾಡು ಅಂದೆ.

ಕೊನೆಯಲ್ಲಿ ಡಿಕ್ಲರೇಷನ್ ಇತ್ತು. ಮೇಲಿನ ಮಾಹಿತಿಯೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ ಅಂತ ಘೋಷಿಸ್ತೀನಿ, ಸ್ಥಳ, ದಿನಾಂಕ, ಸಹಿ. ಇದನ್ನ ಈಗ ಯಾರೂ ಹಾಕಲ್ಲ, ತೆಗಿ ಅಂತ ಎಷ್ಟೋ ಜನಕ್ಕೆ ನಾನೇ ಹೇಳಿದ್ದೀನಿ. ಅವತ್ತು ಅದನ್ನ ಡಿಲೀಟ್ ಮಾಡುವಾಗ ಕೈ ಸ್ವಲ್ಪ ತಡೀತು. ಆಮೇಲೆ ಮಾಡಿದೆ. ಜಾಗ ಬೇಕಿತ್ತು.

ಜಾಗ ಬೇಕಿದ್ದದ್ದು ಆ ಹದಿನಾಲ್ಕು ತಿಂಗಳಿಗೆ. ‘ಏನು ಮಾಡ್ತಿದ್ದೆ ಊರಲ್ಲಿ?’ ಅಂದೆ. ‘ಏನಿಲ್ಲ ಭಾವ, ಸುಮ್ನೆ ಮನೇಲಿದ್ದೆ’ ಅಂದ. ಒಂದೊಂದಾಗಿ ಕೇಳಿದಾಗ ಬಂತು. ಇನ್ನೂರು ತೆಂಗಿನ ಮರ. ಕಟ್ಟಿಕೊಂಡಿದ್ದ ಡ್ರಿಪ್ ಪೈಪುಗಳನ್ನ ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಹಾಕಿದ್ದು. ಕಾಯಿ ಕೀಳೋರು, ಸುಲಿಯೋರ ಕೂಲಿ ಲೆಕ್ಕ. ಸೊಸೈಟಿ ಸಾಲದ ಕಂತು. ಬೆಂಬಲ ಬೆಲೆಗೆ ಹೆಸರು ಬರೆಸೋಕೆ ರಾತ್ರಿಯೆಲ್ಲ ಸಾಲಲ್ಲಿ ಕೂತಿದ್ದು. ದಿನಕ್ಕೆ ಎರಡು ಸಲ ಮಾವನ ಕೈಕಾಲಿಗೆ ವ್ಯಾಯಾಮ ಮಾಡಿಸಿದ್ದು, ಮಾತ್ರೆಗಳಿಗೆ ಒಂದು ಎಕ್ಸೆಲ್ ಶೀಟು. ‘ಇದನ್ನೇ ಬರೀಬೇಕು’ ಅಂದೆ.

‘ನಗಲ್ವಾ ಭಾವ?’

ಕೆಲವರು ನಗ್ತಾರೆ, ಇನ್ನು ಕೆಲವು ಕಡೆ ಗ್ಯಾಪ್ ಅಂತ ಮನುಷ್ಯರು ನೋಡೋಕೆ ಮುಂಚೆಯೇ ತೆಗೆದುಹಾಕ್ತಾರೆ ಅಂತ ಹೇಳಿದೆ. ಅದನ್ನ ಮುಚ್ಚಿಟ್ಟು ಧೈರ್ಯ ಹೇಳೋಕೆ ಮನಸ್ಸಾಗಲಿಲ್ಲ. ಅವನು ಒಂದಷ್ಟು ಹೊತ್ತು ಸುಮ್ಮನಿದ್ದು, ‘ಹಾಕಿ’ ಅಂದ. ತಂದೆಯ ಅನಾರೋಗ್ಯದ ಕಾರಣ ಕುಟುಂಬದ ತೋಟದ ನಿರ್ವಹಣೆ ಅಂತ ಎರಡು ಸಾಲು, ತಿಂಗಳು ವರ್ಷ ಸಮೇತ. ಡ್ರಿಪ್ ವಿಷಯ ಬರೆಯುವಾಗ ಅವನೇ ಹೇಳಿದ, ‘ಅದರಲ್ಲಿ ಪಕ್ಕದ ತೋಟದ ಅಣ್ಣನೂ ಇದ್ದ ಭಾವ, ಅವನೇ ಹೇಳ್ಕೊಟ್ಟಿದ್ದು.’ ಇಂಗ್ಲಿಷಿನಲ್ಲಿ ಅದಕ್ಕೊಂದು ಪದ ಹುಡುಕೋಕೆ ಹತ್ತು ನಿಮಿಷ ಹಿಡೀತು.

ಇಲ್ಲೀವರೆಗೆ ಅರವತ್ತು ಕಡೆ ಕಳಿಸಿದ್ದಾನೆ. ಮೂರು ಕಡೆ ಕರೆದರು. ಒಂದು ಕಡೆ ಎರಡನೇ ಸುತ್ತಿನವರೆಗೆ ಹೋಗಿದ್ದ. ಕೆಲಸ ಇನ್ನೂ ಸಿಕ್ಕಿಲ್ಲ. ಕನ್ಸಲ್ಟೆನ್ಸಿಯವರು ಈಗ ನಲವತ್ತೈದಕ್ಕೆ ಇಳಿದಿದ್ದಾರಂತೆ.

ಆ ವಾರವೇ ಅವಳಿಗೊಂದು ಉದ್ದ ಮೆಸೇಜ್ ಬರೆದೆ. 2012, 2019, ‘ಅವರೂ’, ಎಲ್ಲ. ಎರಡು ದಿನ ನೀಲಿ ಗುರುತು ಬಿದ್ದು ಹಾಗೇ ಇತ್ತು. ಮೂರನೇ ದಿನ ಉತ್ತರ ಬಂತು. ‘ಆಗ್ಲೇ ಅನುಮಾನ ಇತ್ತು. ಬೇಜಾರಾಗಿತ್ತು, ಈಗ್ಲೂ ಇದೆ. ನಿಮ್ಮಲ್ಲಿ ಈಗ ಓಪನಿಂಗ್ ಇದ್ರೆ ರೆಫರ್ ಮಾಡಿ.’ ಜೊತೆಗೆ ರೆಸ್ಯೂಮೆ. ಆ ಬ್ಯಾಚಿನ ಸಾಲು ಈಗ ‘ಲೆಡ್’ ಅಂತ ಶುರುವಾಗುತ್ತೆ.

ನಮ್ಮ ಕಂಪನಿಯ ರೆಫರಲ್ ಫಾರಮ್ಮಿನಲ್ಲಿ ಒಂದು ಡಬ್ಬಿ ಇದೆ. ಈ ಅಭ್ಯರ್ಥಿಯ ಜೊತೆ ಕೆಲಸ ಮಾಡಿದ್ದೀರಾ, ವಿವರಿಸಿ. ಐನೂರು ಅಕ್ಷರ. ನಾಲ್ಕು ಸಲ ಬರೆದು ಅಳಿಸಿದೆ, ಯಾಕಂದ್ರೆ ಅವಳು ಮಾಡಿದ್ದನ್ನ ಬರೆದರೆ ನಾನು ಮಾಡದ್ದನ್ನೂ ಬರೀಲೇಬೇಕಾಗುತ್ತೆ, ಮತ್ತು ನನ್ನ ಹಳೇ ರೆಸ್ಯೂಮೆ ಅದೇ ಎಚ್‌ಆರ್ ಪೋರ್ಟಲ್ಲಿನಲ್ಲಿದೆ. ಐದನೇ ಸಲ ಮೊದಲು ಕನ್ನಡದಲ್ಲಿ ಬರೆದುಕೊಂಡೆ, ಆಮೇಲೆ ಇಂಗ್ಲಿಷಿಗೆ ತಂದೆ. ಮ್ಯಾನೇಜರಿಗೂ ಒಂದು ಪ್ರತಿ ಕಳಿಸಿದೆ. ಹೋಗಿ ಒಂಬತ್ತು ದಿನ ಆಯ್ತು. ಅವರು ಲಿಫ್ಟಿನಲ್ಲಿ ಸಿಕ್ಕಾಗ ನಗ್ತಾರೆ, ಮಾತಾಡ್ತಾರೆ, ಅದರ ಬಗ್ಗೆ ಮಾತ್ರ ಏನೂ ಕೇಳಿಲ್ಲ. ಅವಳ ಮೊದಲ ಸುತ್ತು ಗುರುವಾರ ಇದೆ.